ಸಭೆ ಸೇರದ ಸಭೆಗಳು

ನಾವು ಓದುವ ಕನ್ನಡ ಬೈಬಲಿನಲ್ಲಿ ‘ಚರ್ಚ್’ ಎಂಬ ಮಾತಿಲ್ಲ. ಅಲ್ಲಿರುವುದು ‘ಸಭೆ’. ಕೊರಿಂಥದ ಸಭೆ, ಎಫೆಸದ ಸಭೆ, ಯಾರದೋ ಮನೆಯಲ್ಲಿ ಕೂಡುವ ಸಭೆ. ಗ್ರೀಕ್ ಮೂಲದ ‘ಎಕ್ಲೇಸಿಯಾ’ ಎಂಬ ಪದಕ್ಕೆ ಅನುವಾದಕರು ಆರಿಸಿಕೊಂಡ ಕನ್ನಡ ಇದು. ಅದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ಅಥೆನ್ಸಿನಲ್ಲಿ ಎಕ್ಲೇಸಿಯಾ ಎಂದರೆ ದೇವಸ್ಥಾನವಲ್ಲ. ಊರಿನ ನಾಗರಿಕರು ಬಯಲಲ್ಲಿ ಕೂಡಿ, ಮಾತಾಡಿ, ಜಗಳವಾಡಿ, ಕೊನೆಗೆ ಕೈಯೆತ್ತಿ ತೀರ್ಮಾನ ಮಾಡುತ್ತಿದ್ದ ಕೂಟ. ಯೇಸುವಿನ ಶಿಷ್ಯರು ತಮ್ಮ ಕೂಟಕ್ಕೆ ಈ ಹೆಸರನ್ನೇ ಇಟ್ಟುಕೊಂಡರು. ಕನ್ನಡದ ಕಿವಿಗೂ ‘ಸಭೆ’ ಎಂದರೆ ಗ್ರಾಮಸಭೆ, ಮಹಾಸಭೆ: ಸೇರಿದವರಿಗೆ ಬಾಯಿ ಇರುವ ಜಾಗ.

ಭಾರತೀನಗರದ ಸುತ್ತಮುತ್ತ, ಮದ್ದೂರು–ಮಳವಳ್ಳಿ ರಸ್ತೆಯ ಆಚೀಚೆ, ಇಂಥ ಸಭೆಗಳಲ್ಲಿ ನಾನು ಎಷ್ಟೋ ಭಾನುವಾರ ಕೂತಿದ್ದೇನೆ. ನಾನೂ ಒಬ್ಬ ವಿಶ್ವಾಸಿ. ಶೀಟಿನ ಮಾಡು, ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡ್, ಒಂದು ಡ್ರಮ್ಮು. ಹಾಡಿದೆ, ಸಾಕ್ಷಿ ಇದೆ, ಕಣ್ಣೀರಿದೆ, ಪ್ರಸಂಗ ಇದೆ, ಕಾಣಿಕೆ ಚೀಲವೂ ಇದೆ. ಇಲ್ಲದಿರುವುದು ಸಭೆ ಮಾತ್ರ. ನನ್ನ ತಕರಾರು ಇದೇ. ಬಿಷಪ್ಪರ ಹಂಗಿಲ್ಲದ ಸ್ವತಂತ್ರ ಸಭೆಗಳು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಸ್ವತಂತ್ರರಾಗಿರುವುದು ಪಾಸ್ಟರ್, ಸಭೆಯಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯ ಅನ್ನಿಸಬಹುದು. ನಮ್ಮ ತರಗತಿಗಳಲ್ಲಿ ಕ್ರೈಸ್ತರೆಂದರೆ 1843ರ ‘ಮಂಗಳೂರ ಸಮಾಚಾರ’ದ ಮೊಗ್ಲಿಂಗ್, 1894ರ ನಿಘಂಟಿನ ಕಿಟೆಲ್. ಅಲ್ಲಿಗೆ ಮುಗಿಯಿತು. ಕಬ್ಬಿನ ಗದ್ದೆಯಲ್ಲಿ ವಾರವಿಡೀ ಕೆಲಸ ಮಾಡಿ ಭಾನುವಾರ ಬಿಳಿ ಸೀರೆ ಉಟ್ಟು ಪ್ರಾರ್ಥನೆಗೆ ಹೋಗುವ ಹೆಂಗಸು ಆ ಪಾಠದಲ್ಲಿ ಬರುವುದಿಲ್ಲ. ಇನ್ನೊಂದು ಕಡೆ, ಕ್ರೈಸ್ತ ಧರ್ಮ ನಮ್ಮ ಜಿಲ್ಲೆಗೆ ನಿನ್ನೆ ಮೊನ್ನೆ ವ್ಯಾನಿನಲ್ಲಿ ಬಂದಿಳಿಯಿತು ಎನ್ನುವವರಿದ್ದಾರೆ. 17ನೇ ಶತಮಾನದ ನಡುವಿನಲ್ಲೇ ಜೆಸ್ವಿಟ್ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದಿದ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದೇ ಊರಿನ ಕ್ರೈಸ್ತರ ನಡುವೆ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಕೆಲಸ ಮಾಡಿದರು. ಹೊಸದಾಗಿರುವುದು ಧರ್ಮವಲ್ಲ, ಮೇಲೊಬ್ಬ ಬಿಷಪ್, ಹಿಂದೊಂದು ಮಿಷನ್ ಇಲ್ಲದೆ ತಾವೇ ಹುಟ್ಟಿಕೊಳ್ಳುವ ಈ ಸಣ್ಣ ಸಭೆಗಳು.

ಇವುಗಳ ನಂಬಿಕೆ ಏನು? ಸಭೆಯಿಂದ ಸಭೆಗೆ ವ್ಯತ್ಯಾಸ ಇದೆ, ಆದರೂ ನಡುಗಂಬ ಒಂದೇ. ಬೈಬಲೇ ಕೊನೆಯ ಮಾತು. ಹುಟ್ಟಿನಿಂದ ಯಾರೂ ಕ್ರೈಸ್ತರಾಗುವುದಿಲ್ಲ, ತಾನೇ ನಂಬಿ ಮನಸ್ಸು ತಿರುಗಿಸಿಕೊಳ್ಳಬೇಕು. ಆದ್ದರಿಂದ ಕೂಸುಗಳ ಹಣೆಗೆ ನೀರು ಚಿಮುಕಿಸುವುದಿಲ್ಲ. ಬುದ್ಧಿ ಬಂದವರು ಕೆರೆಯಲ್ಲೋ ನಾಲೆಯಲ್ಲೋ ತೊಟ್ಟಿಯಲ್ಲೋ ಮುಳುಗಿ ದೀಕ್ಷಾಸ್ನಾನ ಪಡೆಯುತ್ತಾರೆ. ಪೆಂತೆಕೊಸ್ತ್ ಸಭೆಗಳಲ್ಲಿ ಪವಿತ್ರಾತ್ಮದ ಅಭಿಷೇಕ, ಅನ್ಯಭಾಷೆ, ರೋಗ ವಾಸಿಯಾಗುವ ಪ್ರಾರ್ಥನೆ ಮುಖ್ಯ. ಬ್ರದರನ್ ಪರಂಪರೆಯವರಲ್ಲಿ ಪ್ರತಿ ಭಾನುವಾರ ರೊಟ್ಟಿ ಮುರಿಯುವುದು ಮುಖ್ಯ, ಅಲ್ಲಿ ಸಂಬಳದ ಪಾಸ್ಟರೇ ಇರುವುದಿಲ್ಲ, ಹಿರಿಯರು ನಡೆಸುತ್ತಾರೆ. ಎಲ್ಲರೂ ಒಪ್ಪುವ ಎರಡು ಮಾತು: ಸಭೆಗೆ ಕ್ರಿಸ್ತನೊಬ್ಬನೇ ಶಿರಸ್ಸು, ನಂಬಿದವರೆಲ್ಲರೂ ಯಾಜಕರು.

ಈ ಎರಡು ಮಾತು ಸಾಮಾನ್ಯವಲ್ಲ. ಕೂಲಿಯವನಿಗೂ ದೇವರಿಗೂ ನಡುವೆ ಪೂಜಾರಿ ಬೇಡ, ಪಾದ್ರಿಯೂ ಬೇಡ ಎನ್ನುವ ಮಾತು ಅದು. ಗುಡಿಯ ಹೊರಗೆ ನಿಂತೇ ತಲೆಮಾರು ಕಳೆದವರಿಗೆ ಅದರ ರುಚಿ ಏನೆಂದು ಬೇರೆಯವರು ವಿವರಿಸಬೇಕಿಲ್ಲ.

ಈ ಮಾತಿಗಾಗಿ ಜನ ಪ್ರಾಣ ಕೊಟ್ಟಿದ್ದಾರೆ. 16ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ರೌನ್ ಮತ್ತು ಅವನಂಥವರು, ರಾಣಿಯೂ ಬಿಷಪ್ಪನೂ ಸಭೆಯ ಒಡೆಯರಲ್ಲ, ಒಂದು ಊರಿನ ವಿಶ್ವಾಸಿಗಳು ಕೂಡಿದರೆ ಅದೇ ಪೂರ್ಣ ಸಭೆ, ತಮ್ಮ ಪಾಲಕನನ್ನು ಅವರೇ ಆರಿಸಬೇಕು ಎಂದರು. ಹೆನ್ರಿ ಬ್ಯಾರೋ ಮತ್ತು ಜಾನ್ ಗ್ರೀನ್‌ವುಡ್ ಎಂಬಿಬ್ಬರನ್ನು 1593ರಲ್ಲಿ ಗಲ್ಲಿಗೇರಿಸಲಾಯಿತು. ಆ ಪರಂಪರೆಯೇ ಮುಂದೆ ಕಾಂಗ್ರಿಗೇಷನಲ್ ಸಭೆಗಳಾಯಿತು. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತರಲ್ಲ, ಅವರನ್ನು ಕಳಿಸಿದ ಲಂಡನ್ ಮಿಷನ್ನಿನ ಹೆಚ್ಚಿನವರು ಇದೇ ಕಾಂಗ್ರಿಗೇಷನಲ್ ಜನ. ಅಂದರೆ ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು ಎಂಬ ವಿಚಾರ ಕರ್ನಾಟಕಕ್ಕೆ ಬಂದು ಇನ್ನೂರು ವರ್ಷದ ಮೇಲಾಯಿತು. ವಿಚಾರ ಬಂತು, ಅಧಿಕಾರ ಬರಲಿಲ್ಲ. ಮಿಷನ್ ಬಂಗಲೆಯಲ್ಲೇ ಉಳಿಯಿತು. ಆ ಧಾರೆ 1947ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ, ಆದಾಗ ಅದಕ್ಕೂ ಬಿಷಪ್ಪರು ಬಂದರು.

ಆಳಿಕೊಳ್ಳುವುದು ಎಂದರೆ ಏನೆಂದು ತಿಳಿಯಲು ಒಂದು ನಿದರ್ಶನ ಸಾಕು. 18ನೇ ಶತಮಾನದ ಅಮೆರಿಕದಲ್ಲಿ ಜೊನಾಥನ್ ಎಡ್ವರ್ಡ್ಸ್‌ಗಿಂತ ದೊಡ್ಡ ಪ್ರಸಂಗಿ ಇರಲಿಲ್ಲ. ಉಜ್ಜೀವನದ ಮಾತೆತ್ತಿದರೆ ಇಂದಿಗೂ ಅವನ ಹೆಸರು ಬರುತ್ತದೆ. ಕರ್ತನ ಭೋಜನಕ್ಕೆ ಯಾರನ್ನು ಸೇರಿಸಬೇಕು ಎಂಬ ವಿಷಯದಲ್ಲಿ ನಾರ್ಥಾಂಪ್ಟನ್‌ನ ಅವನ ಸಭೆಗೂ ಅವನಿಗೂ ಮಾತು ಕೆಟ್ಟಿತು. ಸಭೆ ಮತ ಹಾಕಿತು. 1750ರಲ್ಲಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತಮಗೆ ಬೋಧಿಸಿದವನನ್ನು ಆ ಜನ ಕೆಲಸದಿಂದ ತೆಗೆದರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ತೆಗೆಯುವ ಹಕ್ಕು ಅವರಿಗಿತ್ತು. ಎಡ್ವರ್ಡ್ಸ್ ವಿದಾಯದ ಪ್ರಸಂಗ ಮಾಡಿ ಇಳಿದುಹೋದ. ಅವನ ಹೆಸರು ಹೇಳಿ ಉಜ್ಜೀವನ ಕೂಟ ನಡೆಸುವ ನಮ್ಮ ಪಾಸ್ಟರುಗಳು ಈ ಅರ್ಧ ಕತೆಯನ್ನು ಯಾಕೆ ಹೇಳುವುದಿಲ್ಲ?

ಈಗ ನಮ್ಮಲ್ಲಿ ಆಗುವುದನ್ನು ನೋಡಿ. ಒಬ್ಬರಿಗೆ ಸೇವೆಯ ಕರೆ ಬರುತ್ತದೆ. ಐದಾರು ಮನೆಯವರು ಕೂಡುತ್ತಾರೆ. ಜನ ಹೆಚ್ಚಿದ ಮೇಲೆ ಒಂದು ಕಾನೂನು ರೂಪ ಬೇಕಾಗುತ್ತದೆ. ಎರಡು ದಾರಿ ಇವೆ. ಒಂದು, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ. ಸಂಘವಾದರೆ ಸದಸ್ಯರಿರಬೇಕು, ಆಡಳಿತ ಮಂಡಳಿ ಇರಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರ ಮಂಡಿಸಬೇಕು, ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಇನ್ನೊಂದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್. ಟ್ರಸ್ಟಿಗೆ ಸದಸ್ಯರು ಬೇಕಿಲ್ಲ, ಟ್ರಸ್ಟಿಗಳು ಸಾಕು. ಡೀಡಿನಲ್ಲಿ ಹಾಗೆ ಬರೆಸಿಕೊಂಡರೆ ಅವರು ಸಾಯುವ ತನಕ ಟ್ರಸ್ಟಿಗಳು, ಮುಂದಿನವರನ್ನು ನೇಮಿಸುವವರೂ ಅವರೇ. ನಾನು ಕಂಡ ಮಟ್ಟಿಗೆ ಸುಲಭವಾಗಿ ಆರಿಸುವುದು ಎರಡನೆಯದನ್ನೇ. ಪಾಸ್ಟರ್, ಅವರ ಹೆಂಡತಿ, ತಮ್ಮ, ಜೊತೆಗೆ ಎದುರಾಡದ ಒಬ್ಬ ನೆಂಟ. ಮಂದಿ ಪ್ರಾರ್ಥಿಸುತ್ತಾರೆ, ಮನೆಯವರು ಆಳುತ್ತಾರೆ.

ಇದಕ್ಕಿಂತ ಕೆಟ್ಟದ್ದು, ಯಾವ ಕಾಗದವೂ ಇಲ್ಲದೆ ಸೈಟನ್ನು ಪಾಸ್ಟರ ಸ್ವಂತ ಹೆಸರಿಗೆ ಕೊಳ್ಳುವುದು. ದುಡ್ಡು ಯಾರದು? ಕಬ್ಬಿನ ಬಿಲ್ಲು ಬಂದಾಗ ಹತ್ತರಲ್ಲೊಂದು ಎತ್ತಿಟ್ಟವರದು, ಹಾಲಿನ ಬಟವಾಡೆಯಲ್ಲಿ ಮಿಗಿಸಿದವರದು, ಓಲೆ ಬಿಚ್ಚಿ ಕೊಟ್ಟವರದು. ಪಾಸ್ಟರ್ ತೀರಿಕೊಂಡರೆ ಆ ಕಟ್ಟಡ ಕಾನೂನಿನ ಕಣ್ಣಲ್ಲಿ ಅವರ ವಾರಸುದಾರರ ಸ್ವತ್ತು. ಮಗ ಪಾಸ್ಟರಾದರೆ ಪ್ರಾರ್ಥನೆ ಮುಂದುವರಿಯುತ್ತದೆ. ಮಾರಿಕೊಂಡರೆ ಓಲೆ ಕೊಟ್ಟವಳು ಬೀದಿಯಲ್ಲಿ ನಿಲ್ಲುತ್ತಾಳೆ. ನಮ್ಮ ಭಾಗದ ಒಂದು ಸಭೆಯಲ್ಲಿ ಕಟ್ಟಡ ನಿಧಿಯ ಲೆಕ್ಕ ಎಲ್ಲಿ ಎಂದು ನಾನು ಕೇಳಿದಾಗ ಪಾಸ್ಟರಿಗಿಂತ ಮೊದಲು ಉತ್ತರ ಕೊಟ್ಟದ್ದು ಪಕ್ಕದಲ್ಲಿ ಕೂತಿದ್ದ ಅಜ್ಜಿ: “ದೇವ್ರಿಗೆ ಕೊಟ್ಮೇಲೆ ಮುಗೀತು ಕಣಪ್ಪ, ಲೆಕ್ಕಗಿಕ್ಕ ಯಾಕ್ ಕೇಳ್ತೀಯ?”

ಅದೇ ಅಜ್ಜಿ ಡೇರಿಯಲ್ಲಿ ಹಾಲಿನ ಫ್ಯಾಟು ಒಂದು ಪಾಯಿಂಟು ಕಮ್ಮಿ ಬಂದರೆ ಕಾರ್ಯದರ್ಶಿಯ ಬೆವರಿಳಿಸುತ್ತಾಳೆ. ಮಂಡ್ಯ ಜಿಲ್ಲೆಯ ಹಳ್ಳಿಗರಿಗೆ ಸ್ವಯಂ ಆಡಳಿತ ಗೊತ್ತಿಲ್ಲ ಎಂದು ದಯವಿಟ್ಟು ಯಾರೂ ಹೇಳಬೇಡಿ. ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಜಮಾ ಖರ್ಚು ಓದುತ್ತಾರೆ, ಆಡಿಟ್ ವರದಿ ಓದುತ್ತಾರೆ, ಬೋನಸ್ ಎಷ್ಟು ಎಂದು ಕೂಗಾಡುತ್ತಾರೆ, ಒಮ್ಮೊಮ್ಮೆ ಕುರ್ಚಿಯೂ ಹಾರಾಡುತ್ತದೆ. ಐದು ವರ್ಷಕ್ಕೊಮ್ಮೆ ಚುನಾವಣೆ. ಮಹಿಳೆಯರೇ ನಡೆಸುವ ಹಾಲಿನ ಸಂಘಗಳಿವೆ. ಸ್ತ್ರೀಶಕ್ತಿ ಗುಂಪಿನ ಪಾಸ್‌ಬುಕ್ಕಿನ ಪ್ರತಿ ರೂಪಾಯಿ ಎಲ್ಲರಿಗೂ ಗೊತ್ತು. ಊರಹಬ್ಬಕ್ಕೆ ಎತ್ತಿದ ವಂತಿಗೆಯ ಲೆಕ್ಕವನ್ನು ಹಬ್ಬ ಕಳೆದ ಮೇಲೆ ಯಜಮಾನರು ಗುಡಿ ಮುಂದೆ ಕೂತು ಒಪ್ಪಿಸಬೇಕು. ಒಪ್ಪಿಸದಿದ್ದರೆ ಮುಂದಿನ ವರ್ಷ ಅವರ ಕೈಗೆ ಯಾರೂ ಕಾಸು ಹಾಕುವುದಿಲ್ಲ. ಹಾಲಿಗೆ ಲೆಕ್ಕ, ಮಾರಮ್ಮನ ಹಬ್ಬಕ್ಕೆ ಲೆಕ್ಕ. ಕ್ರಿಸ್ತನ ಸಭೆಗೆ ಮಾತ್ರ ಲೆಕ್ಕ ಕೇಳಿದರೆ ಅಪನಂಬಿಕೆ!

ಕೇಳಿದವರ ಬಾಯಿ ಮುಚ್ಚಿಸಲು ಒಂದು ವಚನ ಸಿದ್ಧವಿರುತ್ತದೆ: ದೇವರ ಅಭಿಷಿಕ್ತರನ್ನು ಮುಟ್ಟಬಾರದು. 105ನೇ ಕೀರ್ತನೆಯದು. ಆ ಕೀರ್ತನೆಯನ್ನು ಪೂರ್ತಿ ಓದಿ. ಅಲ್ಲಿ ಅಭಿಷಿಕ್ತರು ಯಾರು? ಸ್ವಂತ ನೆಲವಿಲ್ಲದೆ ಜನಾಂಗದಿಂದ ಜನಾಂಗಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರ ಸಣ್ಣ ಗುಂಪು. ಅವರನ್ನು ಮುಟ್ಟಬೇಡಿ ಎಂದು ದೇವರು ಗದರಿಸುವುದು ಯಾರನ್ನು? ಅರಸರನ್ನು. ಅಂದರೆ ಅಧಿಕಾರ ಇದ್ದವರಿಂದ ಇಲ್ಲದವರನ್ನು ಕಾಯುವ ಮಾತದು. ಅದನ್ನು ತಿರುಗಿಸಿ, ಮೈಕ್ ಹಿಡಿದವನನ್ನು ಚಾಪೆಯ ಮೇಲೆ ಕೂತವರಿಂದ ಕಾಯಲು ಬಳಸುವುದು ವಚನಕ್ಕೆ ಮಾಡುವ ಅಪಚಾರ. ಹೊಸ ಒಡಂಬಡಿಕೆಯಲ್ಲಂತೂ ಯೋಹಾನನ ಮೊದಲ ಪತ್ರ ಅಭಿಷೇಕ ವಿಶ್ವಾಸಿಗಳೆಲ್ಲರಿಗೂ ಇದೆ ಎನ್ನುತ್ತದೆ. ಹಾಗಿದ್ದರೆ ಮುಟ್ಟಬಾರದ ಅಭಿಷಿಕ್ತಳು ಆ ಅಜ್ಜಿಯೂ ಹೌದು.

ದಶಮಾಂಶದ ಕತೆಯೂ ಹೀಗೆಯೇ. ಪ್ರಸಂಗದಲ್ಲಿ ಮಲಾಕಿಯ ಮೂರನೇ ಅಧ್ಯಾಯ ಬರುತ್ತದೆ: ತಂದು ಭಂಡಾರ ತುಂಬಿಸಿ ಎಂಬುದು. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಬರುವುದಿಲ್ಲ. ಅಲ್ಲಿ ಪ್ರತಿ ಮೂರನೆಯ ವರ್ಷದ ದಶಮಾಂಶ ಲೇವಿಯರ ಜೊತೆಗೆ ಪರದೇಶಿ, ಅನಾಥ, ವಿಧವೆಯರ ಪಾಲು. ಇನ್ನು ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂದು ಗುಣುಗುಟ್ಟು ಎದ್ದಿತು. ಲೆಕ್ಕದ ಜಗಳವೇ ಅದು. ಗುಣುಗುಟ್ಟಿದವರು ಅಪನಂಬಿಕೆಯವರು ಎಂದು ಅಪೊಸ್ತಲರು ಶಪಿಸಲಿಲ್ಲ. ಶಿಷ್ಯರನ್ನೆಲ್ಲ ಕರೆದು, ನೀವೇ ಏಳು ಜನರನ್ನು ಆರಿಸಿ ಎಂದರು. ಪೌಲನೂ ಅಷ್ಟೇ. ಯೆರೂಸಲೇಮಿನ ಬಡವರಿಗೆ ಎತ್ತಿದ ದುಡ್ಡನ್ನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ, ಯಾರೂ ಬೆರಳು ತೋರಿಸಬಾರದು ಎಂದು. ಎರಡನೇ ಕೊರಿಂಥದ ಎಂಟನೇ ಅಧ್ಯಾಯದಲ್ಲಿ ಆ ‘ಆರಿಸು’ ಎಂಬಲ್ಲಿರುವ ಗ್ರೀಕ್ ಪದದ ಮೂಲಾರ್ಥ ಕೈಯೆತ್ತುವುದು. ಪೌಲನಿಗೆ ಬೇಕಾದ ಆಡಿಟ್ ನಮ್ಮ ಪಾಸ್ಟರಿಗೆ ಬೇಡವೆ?

ಈಗ ಎದುರಿನ ವಾದಕ್ಕೆ ಬರುತ್ತೇನೆ. ಅದು ಹಗುರವಲ್ಲ. ‘ಇಂಥ ಹೊತ್ತಲ್ಲಿ ಸದಸ್ಯರ ಪಟ್ಟಿ ಮಾಡು ಅಂತೀಯಲ್ಲ, ನಿನಗೆ ಬುದ್ಧಿ ಇದೆಯೆ?’ ಎನ್ನುತ್ತಾರೆ ಪಾಸ್ಟರ್. ಭಯ ನಿಜ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಸೀಮೆಯ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿ ಯಾರೂ ಮರೆತಿಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಪಾಂಡವಪುರದಲ್ಲಿ ಶಾಲೆಯೊಂದರ ಕ್ರಿಸ್‌ಮಸ್ ಆಚರಣೆಗೆ ನುಗ್ಗಿ ತಡೆದರು. ಅದೇ ಹೊತ್ತಿಗೆ ವಿಧಾನಸಭೆ ಒಪ್ಪಿದ ಮತಾಂತರ ತಡೆ ಮಸೂದೆ 2022ರಲ್ಲಿ ಕಾಯ್ದೆಯಾಯಿತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ನೆಂಟರಷ್ಟೇ ಅಲ್ಲ ಸಹೋದ್ಯೋಗಿಯೂ ದೂರು ಕೊಡಬಹುದು ಎಂದಿತು ಅದು. ಅದನ್ನು ರದ್ದು ಮಾಡುತ್ತೇವೆಂದು 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ತೀರ್ಮಾನಿಸಿತು. ಭಯ ಆ ತೀರ್ಮಾನದಿಂದ ರದ್ದಾಗಲಿಲ್ಲ.

ಜಾತಿಯ ಭಯ ಇನ್ನೂ ಆಳದ್ದು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂಗಳು, 1956ರಿಂದ ಸಿಖ್ಖರು, 1990ರಿಂದ ಬೌದ್ಧರು ಮಾತ್ರ ಪರಿಶಿಷ್ಟ ಜಾತಿಯವರಾಗಬಲ್ಲರು. ಕ್ರೈಸ್ತನಾದ ದಲಿತ ಕಾಗದದಲ್ಲಿ ದಲಿತನಲ್ಲ. ಊರಲ್ಲಿ ಮಾತ್ರ ಎಂದಿನಂತೆ ದಲಿತನೇ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ನಿರಾಕರಿಸಿದಾಗ ಅವರ ದೀಕ್ಷಾಸ್ನಾನದ ದಾಖಲೆಯೂ ಲೆಕ್ಕಕ್ಕೆ ಬಂತು. ಹೀಗಿರುವಾಗ ಮಗಳ ಹಾಸ್ಟೆಲ್ ಸೀಟು, ಮಗನ ಸ್ಕಾಲರ್‌ಶಿಪ್ಪು ನೆನೆದು ಹೆಸರು ಬರೆಸಲು ಹಿಂಜರಿಯುವ ತಾಯಿಯನ್ನು ನಾನು ಹೇಡಿ ಎನ್ನಲಾರೆ. ಅವಳನ್ನು ಆ ಇಕ್ಕಟ್ಟಿಗೆ ತಳ್ಳಿದ್ದು ಕಾನೂನು.

ಆದರೆ ಈ ಭಯ ಪಟ್ಟಿ ಬೇಡ ಎನ್ನಲು ಕಾರಣವಾಗಬಹುದು. ಲೆಕ್ಕ ಬೇಡ ಎನ್ನಲು ಹೇಗೆ ಕಾರಣವಾದೀತು? ಈ ತಿಂಗಳು ಇಷ್ಟು ಕಾಣಿಕೆ ಬಂತು, ಬಾಡಿಗೆಗೆ ಇಷ್ಟು, ಕರೆಂಟಿಗೆ ಇಷ್ಟು, ಪಾಸ್ಟರಿಗೆ ಇಷ್ಟು, ಮಿಕ್ಕಿದ್ದು ಇಷ್ಟು: ಇದನ್ನು ಓದಿ ಹೇಳಲು ಯಾರ ಹೆಸರೂ ಬೇಡ. ಚೀಲ ಎಣಿಸಲು ಪಾಸ್ಟರ ಮನೆಯವರಲ್ಲದ ಇಬ್ಬರು ಸಾಕು. ಬ್ಯಾಂಕ್ ಖಾತೆಗೆ ಎರಡು ಸಹಿ ಸಾಕು. ಮುಖ ನೋಡಿದರೆ ಗುರುತು ಹಿಡಿಯುವ ಅರವತ್ತು ಜನರ ಸಭೆಯಲ್ಲಿ ಕೈಯೆತ್ತಿಸಲು ರಿಜಿಸ್ಟರು ಬೇಕಿಲ್ಲ. ಹಿಂಸೆಯನ್ನು ತೋರಿಸಿ ಪ್ರಶ್ನೆಯನ್ನು ಅಡಗಿಸುವವನು, ಹಿಂಸೆ ಮಾಡುವವನಿಂದಲೂ ಲಾಭ ಪಡೆಯುತ್ತಿದ್ದಾನೆ. ಲೆಕ್ಕ ನೆಟ್ಟಗಿರುವ ಸಭೆ ಆಪತ್ತಿನಲ್ಲೂ ಗಟ್ಟಿ. ‘ವಿದೇಶಿ ದುಡ್ಡು’ ಎಂದು ಬೊಬ್ಬೆ ಹೊಡೆಯುವವನ ಮುಂದೆ, ಇದು ನಮ್ಮೂರ ಕಬ್ಬಿನ ದುಡ್ಡು, ಇಗೋ ಪುಸ್ತಕ ಎಂದು ಇಡಬಹುದು.

ಹಾಗಾದರೆ ಸರ್ಕಾರವೇ ಲೆಕ್ಕ ಕೇಳಲಿ, ಮುಜರಾಯಿ ದೇವಸ್ಥಾನಕ್ಕೊಂದು ಚರ್ಚಿಗೊಂದು ಯಾಕೆ ಎನ್ನುವವರಿಗೂ ನನ್ನ ಉತ್ತರ ಇದೇ. ಲೆಕ್ಕ ಒಪ್ಪಿಸಬೇಕಾದ್ದು ಕೊಟ್ಟವರಿಗೆ, ತಹಸೀಲ್ದಾರರಿಗಲ್ಲ. ದುಡ್ಡು ಕದ್ದರೆ ಹಿಡಿಯಲು ಎಲ್ಲರಿಗೂ ಅನ್ವಯಿಸುವ ಕಾನೂನು ಈಗಾಗಲೇ ಇದೆ. 2021ರಲ್ಲಿ ಶಾಸಕರ ಸಮಿತಿಯೊಂದು ರಾಜ್ಯದ ಚರ್ಚುಗಳ ಸಮೀಕ್ಷೆ ಮಾಡಿಸಲು ಹೊರಟಾಗ ಕೇಳಿದ್ದು ಕಾಣಿಕೆ ಕೊಟ್ಟ ಅಜ್ಜಿಯ ಹಕ್ಕಿನ ಪ್ರಶ್ನೆಯನ್ನಲ್ಲ. ಅವಳು ಅಲ್ಲಿಗೆ ಯಾಕೆ ಹೋಗುತ್ತಾಳೆ ಎಂಬುದನ್ನು. ಅದು ಅವಳಿಷ್ಟ.

ಬಿಷಪ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವ ಹಳೆ ಸಭೆಗಳ ಗೆಳೆಯರಿಗೂ ಒಂದು ಮಾತು. ಮಂಡ್ಯವೂ ಸೇರಿದ ಮೈಸೂರು ಕಥೋಲಿಕ ಧರ್ಮಪ್ರಾಂತ್ಯದ 37 ಪಾದ್ರಿಗಳು ತಮ್ಮ ಬಿಷಪ್ಪರ ಮೇಲೆ ಆರೋಪ ಮಾಡಿ ಪೋಪರಿಗೆ ಪತ್ರ ಬರೆದದ್ದು 2019ರಲ್ಲಿ. ಬಿಷಪ್ ಆರೋಪಗಳನ್ನು ಅಲ್ಲಗಳೆದರು. ಅವರ ರಾಜೀನಾಮೆ ಅಂಗೀಕಾರವಾದದ್ದು 2024ರ ಜನವರಿಯಲ್ಲಿ. ಮೇಲಿನ ಬಾಗಿಲು ಇತ್ತು, ತೆರೆಯಲು ನಾಲ್ಕು ವರ್ಷ ಹಿಡಿಯಿತು. ನಮ್ಮ ಸ್ವತಂತ್ರ ಸಭೆಗಳಿಗೆ ಮೇಲೆ ತಟ್ಟಲು ಬಾಗಿಲೇ ಇಲ್ಲ. ಅದಕ್ಕೇ ಒಳಗೇ ಒಂದು ಬಾಗಿಲು ಇರಬೇಕು ಎನ್ನುತ್ತಿದ್ದೇನೆ.

ಇದು ಪಾಸ್ಟರುಗಳ ಮೇಲಿನ ದ್ವೇಷದ ಮಾತಲ್ಲ. ರಾತ್ರಿ ಎರಡು ಗಂಟೆಗೆ ಹೆರಿಗೆ ನೋವೆಂದು ಕರೆದರೆ ಬೈಕ್ ತೆಗೆಯುವವರು ಅವರು. ಏಟು ಬಿದ್ದಾಗ ಮೊದಲು ತಿನ್ನುವವರೂ ಅವರೇ. ಅವರಿಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ, ಮೈ ಸೋತ ಕಾಲಕ್ಕೆ ಇರಲು ಮನೆ ಇಲ್ಲ. ಸೈಟು ಸ್ವಂತ ಹೆಸರಿಗೆ ಬರೆಸಿಕೊಳ್ಳುವ ಆಸೆಯ ಹಿಂದೆ ಎಷ್ಟೋ ಸಲ ಇರುವುದು ಈ ಹೆದರಿಕೆ. ಸಭೆಯೇ ಕೂತು ತಿಂಗಳ ಸಂಬಳ ಇಷ್ಟು, ಮುಪ್ಪಿಗೆ ಇಷ್ಟು ಎಂದು ಗೊತ್ತುಮಾಡಿದರೆ ಪಾಸ್ಟರ್ ಕಾಣಿಕೆ ಚೀಲದ ಭಾರವನ್ನು ಕೈಯಲ್ಲಿ ತೂಗಿ ನೋಡಬೇಕಾಗಿಲ್ಲ. ಲೆಕ್ಕ ಕೊಟ್ಟಲ್ಲಿ ಮಾತ್ರ ಹಕ್ಕು ಕೇಳಲು ಬಾಯಿ ಬರುತ್ತದೆ.

ಆದ್ದರಿಂದ ನಾನು ಕೇಳುವುದು ನಾಲ್ಕೇ. ಮೂರು ತಿಂಗಳಿಗೊಮ್ಮೆ ಜಮಾ ಖರ್ಚು ಎಲ್ಲರೆದುರು ಓದಿ. ಸಭೆಯ ಆಸ್ತಿ ಯಾರ ಸ್ವಂತ ಹೆಸರಿನಲ್ಲೂ ಇರಬಾರದು. ಟ್ರಸ್ಟ್ ಇದ್ದರೆ ಟ್ರಸ್ಟಿಗಳಲ್ಲಿ ಪಾಸ್ಟರ ಮನೆಯವರು ಅರ್ಧಕ್ಕಿಂತ ಕಡಿಮೆ ಇರಲಿ, ಅವಧಿ ಇರಲಿ. ಹಿರಿಯರನ್ನು ವಿಶ್ವಾಸಿಗಳು ಆರಿಸಲಿ, ಕುರ್ಚಿ ತುಂಬುವ ಹೆಂಗಸರಿಗೆ ಅಲ್ಲೂ ಜಾಗ ಸಿಗಲಿ. ಮುಂದಿನ ಪಾಸ್ಟರ್ ಯಾರು ಎಂಬುದನ್ನು ಪಾಸ್ಟರ ಮನೆಯ ಊಟದ ಹೊತ್ತಲ್ಲಿ ಅಲ್ಲ, ಸಭೆಯಲ್ಲಿ ತೀರ್ಮಾನಿಸಿ.

ಪ್ರತಿ ಭಾನುವಾರ ಆ ಶೀಟಿನ ಮಾಡಿನ ಕೆಳಗೆ ನೂರು ಕೈಗಳು ಸ್ತೋತ್ರಕ್ಕೆ ಮೇಲೇಳುತ್ತವೆ. ಕಬ್ಬಿನ ಸೋಗೆ ಗೀರಿದ ಕೈಗಳು, ಸೆಗಣಿ ಬಾಚಿದ ಕೈಗಳು. ವರ್ಷಕ್ಕೊಂದು ಸಲ ಅವೇ ಕೈಗಳು ‘ಒಪ್ಪಿದೆ’ ಅಥವಾ ‘ಒಪ್ಪಲ್ಲ’ ಎನ್ನಲು ಮೇಲೆದ್ದರೆ ದೇವರ ಮಹಿಮೆಗೇನೂ ಕುಂದಿಲ್ಲ. ಅಂದು ನಾವು ಸಭೆ ಅನ್ನಿಸಿಕೊಳ್ಳುತ್ತೇವೆ. ಅಲ್ಲಿಯ ತನಕ ನಾವು ಒಬ್ಬರ ಮನೆಗೆ ಬಂದುಹೋಗುವ ಜನ.